ಬೂಟಿಗೆ ಸಿಕ್ಕ ಸ್ವಾತಂತ್ರ್ಯ

ಸಿದ್ದಲಿಂಗಯ್ಯನವರ ಆ ಹಾಡನ್ನು ಓದಿ ಕಲಿತವರಿಗಿಂತ ಕೇಳಿ ಕಲಿತವರೇ ಹೆಚ್ಚು. ನಲವತ್ತೇಳರಲ್ಲಿ ಸಿಕ್ಕ ಸ್ವಾತಂತ್ರ್ಯ ಯಾರ ಕೈ ಸೇರಿತು, ಯಾವ ಜಾಗ ಮುಟ್ಟಿತು ಎಂದು ಕೇಳುವ ಹಾಡು ಅದು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ, ಜಾಥಾಗಳಲ್ಲಿ, ಹಾಸ್ಟೆಲುಗಳ ಅಂಗಳದಲ್ಲಿ ತಮಟೆಯ ಏಟಿಗೆ ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಂದೆ ದನಿಗೂಡಿಸುತ್ತಿದ್ದರು. ಅಕ್ಷರ ಬಾರದವರಿಗೂ ಅದು ಬಾಯಿಪಾಠ. ಎಪ್ಪತ್ತರ ದಶಕದ ಚಳವಳಿಯ ಕಾವಿನಲ್ಲಿ ಹುಟ್ಟಿದ ಹಾಡು, 2021ರ ಜೂನ್‌ನಲ್ಲಿ ಕವಿ ಕೋವಿಡ್‌ಗೆ ಬಲಿಯಾದ ಮೇಲೂ ಬೀದಿಯಲ್ಲೇ ಉಳಿದಿದೆ. ಇಷ್ಟು ಜನರ ಬಾಯಲ್ಲಿ ಇಷ್ಟು ಕಾಲ ಇದ್ದ ಕವಿತೆಯನ್ನು ನಾವು ಸರಿಯಾಗಿ ಓದಿದ್ದೇವೆಯೇ ಎಂಬ ಅನುಮಾನ ನನಗೆ ಬಹಳ ದಿನದಿಂದ ಇದೆ. ಹಾಡಿದ್ದೇವೆ, ಮೆಚ್ಚಿದ್ದೇವೆ, ಕೆಲವರು ಬರೀ ಘೋಷಣೆ ಎಂದು ತಳ್ಳಿಹಾಕಿದ್ದೇವೆ. ಅದು ಮಂಡಿಸುವ ವಾದವನ್ನು ಮಾತ್ರ ಕೊನೆಯವರೆಗೆ ಕೇಳಿಸಿಕೊಂಡಿಲ್ಲ.

ದಬ್ಬಾಳಿಕೆಯ ಬಗೆಗಿನ ಕವಿತೆಗಳನ್ನು ಪಾಠ ಮಾಡುವ ರೂಢಿಯೊಂದು ನಮ್ಮಲ್ಲಿ ಬೇರೂರಿದೆ. ‘ಪದ್ಯದ ಆಶಯವನ್ನು ವಿವರಿಸಿ’ ಎಂಬ ಪ್ರಶ್ನೆಗೆ ‘ಶೋಷಿತರ ನೋವನ್ನು ಕವಿ ಮನಮುಟ್ಟುವಂತೆ ಚಿತ್ರಿಸಿದ್ದಾರೆ’ ಎಂದು ಬರೆದರೆ ಅಂಕ ಸಿಗುತ್ತದೆ. ಅಮೆರಿಕದ ಮಾಯಾ ಏಂಜೆಲೊ ಬರೆದ ಪಂಜರದ ಹಕ್ಕಿಯ ಕವಿತೆಗೂ ಇದೇ ಉತ್ತರ ಸಾಕು, ಸಿದ್ದಲಿಂಗಯ್ಯನವರ ಹಾಡಿಗೂ ಸಾಕು. ಉತ್ತರ ಸುಳ್ಳೇನಲ್ಲ. ಆದರೆ ಅದು ಕವಿತೆಯನ್ನು ನೋವಿನ ಚಿತ್ರವಾಗಿ ಮಾಡಿ ಗೋಡೆಗೆ ತೂಗುಹಾಕುತ್ತದೆ. ಓದುವವರ ಪಾಲಿಗೆ ಮರುಕವೊಂದನ್ನೇ ಉಳಿಸುತ್ತದೆ. ಮರುಗುವವರು ಯಾವಾಗಲೂ ಚಿತ್ರದ ಹೊರಗೆ ನಿಂತಿರುತ್ತಾರೆ. ಒಳಗಿರುವ ಯಾರಿಗೂ ಅವರು ಏನನ್ನೂ ಕೊಡಬೇಕಾಗಿರುವುದಿಲ್ಲ.

ಹಾಡನ್ನು ಹತ್ತಿರದಿಂದ ನೋಡಿದರೆ ಆಶ್ಚರ್ಯವಾಗುತ್ತದೆ. ಕಣ್ಣೀರು ತರಿಸುವ ದೃಶ್ಯ ಕಟ್ಟುವ ಗೋಜಿಗೇ ಕವಿ ಹೋಗುವುದಿಲ್ಲ. ಅಲ್ಲಿ ಮುಖ್ಯವಾಗಿ ಇರುವುದು ಒಂದು ಪಟ್ಟಿ, ಸ್ವಾತಂತ್ರ್ಯ ಹೋಗಿ ಸೇರಿದ ಜಾಗಗಳ ಪಟ್ಟಿ. ದೇಶದ ದೊಡ್ಡ ಉದ್ಯಮಿಗಳ ಜೇಬು, ಕೋಟ್ಯಧೀಶರ ಕೋಣೆ, ಪೊಲೀಸರ ಬೂಟು, ಮಾಲೀಕರ ಚಾಟಿ, ಬಂದೂಕಿನ ಗುಂಡು. ಈ ಪಟ್ಟಿಗೆ ಎದುರಾಗಿ ಅದು ತಲುಪದೆ ಹೋದ ಬಡವರ ಮನೆ. ಪಟ್ಟಿಯನ್ನು ಸುಮ್ಮನೆ ಹಾಡಿಕೊಂಡು ಹೋದರೆ ಎಲ್ಲವೂ ಒಂದೇ ಸಿಟ್ಟಿನ ಹಲವು ರೂಪಗಳಂತೆ ಕೇಳುತ್ತವೆ. ನಿಧಾನಿಸಿ ನೋಡಿದರೆ ಅದರಲ್ಲಿ ಎರಡು ಬಗೆಯ ವಸ್ತುಗಳಿವೆ. ಜೇಬು, ಕೋಣೆ ಇವು ಕೂಡಿಡುವ ಜಾಗಗಳು. ಬೂಟು, ಚಾಟಿ, ಗುಂಡು ಇವುಗಳಲ್ಲಿ ಏನನ್ನೂ ಕೂಡಿಡಲಾಗದು. ಅವು ಇನ್ನೊಬ್ಬರ ಮೈಮೇಲೆ ಎರಗುವ ಸಾಧನಗಳು. ಅಂದರೆ ಕವಿ ಎರಡು ಬೇರೆ ಬೇರೆ ಆರೋಪ ಹೊರಿಸುತ್ತಿದ್ದಾರೆ.

ಮೊದಲನೆಯದು ಹಂಚಿಕೆಯ ಆರೋಪ. ಎಲ್ಲರಿಗೂ ಸಿಗಬೇಕಾಗಿದ್ದದ್ದನ್ನು ಕೆಲವರು ಬಾಚಿಕೊಂಡರು, ಉಳಿದವರಿಗೆ ಸಿಗಲಿಲ್ಲ. ಈ ಆರೋಪಕ್ಕೆ ಅಧಿಕಾರದಲ್ಲಿರುವವರ ಬಳಿ ಸಿದ್ಧ ಉತ್ತರ ಇದ್ದೇ ಇರುತ್ತದೆ: ದೇಶ ದೊಡ್ಡದು, ಕಾಲ ಹಿಡಿಯುತ್ತದೆ, ಇವತ್ತಲ್ಲ ನಾಳೆ ನಿಮ್ಮ ಕೇರಿಗೂ ಬರುತ್ತದೆ, ತಾಳ್ಮೆ ಇರಲಿ. ಎರಡನೆಯ ಆರೋಪ ಈ ಉತ್ತರಕ್ಕೆ ಬಗ್ಗುವಂಥದ್ದಲ್ಲ. ಬೂಟಿಗೆ ಸ್ವಾತಂತ್ರ್ಯ ಸಿಕ್ಕಿದೆ ಎಂದರೆ, ತುಳಿಯಲು ಅದಕ್ಕೆ ಇದ್ದ ಅಡ್ಡಿ ಹೋಗಿದೆ ಎಂದರ್ಥ. ಆ ಸ್ವಾತಂತ್ರ್ಯ ಇರುವ ತನಕ ಕೆಳಗಿನ ಬೆನ್ನಿಗೆ ಸ್ವಾತಂತ್ರ್ಯ ಇಲ್ಲ. ಇಲ್ಲಿ ತಡವಾದದ್ದು ಏನೂ ಇಲ್ಲ. ಬರಬೇಕಾದ್ದು ಬಂದಿದೆ, ಸರಿಯಾದ ಸಮಯಕ್ಕೇ ಬಂದಿದೆ, ಬೂಟಿನ ಪಾಲಿಗೆ ಬಂದಿದೆ. ತುಳಿಸಿಕೊಂಡವರು ನಾಳೆಯ ತನಕ ಕಾಯಬೇಕಾದ ಮಾತೇ ಇಲ್ಲಿಲ್ಲ.

ದಬ್ಬಾಳಿಕೆ ಎಂದರೆ ಸ್ವಾತಂತ್ರ್ಯದ ಕೊರತೆ ಎಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಬಡತನ ಎಂದರೆ ದುಡ್ಡಿನ ಕೊರತೆ ಎನ್ನುವ ಹಾಗೆ. ಹಾಡಿನ ಎರಡನೆಯ ಆರೋಪವನ್ನು ನಂಬುವುದಾದರೆ ಆ ತಿಳಿವಳಿಕೆ ಅರೆಬರೆಯದು. ದಬ್ಬಾಳಿಕೆ ಎನ್ನುವುದೇ ಯಾರೋ ಒಬ್ಬರ ಸ್ವಾತಂತ್ರ್ಯ. ಅದನ್ನು ಅನುಭವಿಸುವವರಿಗೆ ಅದು ದಬ್ಬಾಳಿಕೆಯಾಗಿ ಕಾಣುವುದೂ ಇಲ್ಲ. ತಮ್ಮ ಹಕ್ಕಾಗಿ, ತಮ್ಮ ಮನೆತನದ ರೀತಿಯಾಗಿ, ತಮ್ಮ ಇಷ್ಟವಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಈ ಹಾಡಿನ ತಿರುಳು ಇದೇ. ಇದನ್ನು ಬಿಟ್ಟು ಓದಿದರೆ ಉಳಿಯುವುದು ಕೊರಗು ಮಾತ್ರ.

ಕವಿಗೆ ಈ ತಿಳಿವಳಿಕೆ ಎಲ್ಲಿಂದ ಬಂತು ಎಂಬುದಕ್ಕೆ ಅವರ ಆತ್ಮಕಥೆ ‘ಊರುಕೇರಿ’ಯ ಆರಂಭದ ಪುಟಗಳನ್ನು ನೋಡಬೇಕು. ಹುಡುಗ ಒಂದು ಹೊಲದ ಕಡೆ ನೋಡುತ್ತಾನೆ. ಎತ್ತುಗಳಿರಬೇಕಾದ ಕಡೆ ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತಿದ್ದಾರೆ, ಇನ್ನೊಬ್ಬ ಹಿಂದಿನಿಂದ ಉಳುತ್ತಿದ್ದಾನೆ. ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬರು ಆ ಹುಡುಗನ ಅಪ್ಪ. ಸಿದ್ದಲಿಂಗಯ್ಯ ಮಾಗಡಿ ತಾಲ್ಲೂಕಿನಲ್ಲಿ ಹುಟ್ಟಿದ್ದು 1954ರಲ್ಲಿ. ಸಂವಿಧಾನ ಜಾರಿಗೆ ಬಂದು ಆಗಲೇ ನಾಲ್ಕು ವರ್ಷ. ಬಲವಂತದ ದುಡಿಮೆಯನ್ನು ನಿಷೇಧಿಸುವ 23ನೇ ವಿಧಿ ಆ ಪುಸ್ತಕದಲ್ಲಿತ್ತು. ಹೊಲದಲ್ಲಿ ನಡೆಯುತ್ತಿದ್ದದ್ದೂ ಸ್ವತಂತ್ರ ಭಾರತದಲ್ಲೇ. ಈ ದೃಶ್ಯದಲ್ಲಿ ಸ್ವಾತಂತ್ರ್ಯ ಇಲ್ಲವೇ ಇಲ್ಲ ಎಂದು ಹೇಳಲಾಗುವುದಿಲ್ಲ. ನೇಗಿಲ ಮೇಣಿ ಯಾರ ಕೈಯಲ್ಲಿರಬೇಕು, ನೊಗ ಯಾರ ಹೆಗಲಿಗೆ ಬೀಳಬೇಕು ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಅಲ್ಲಿ ಧಾರಾಳವಾಗಿತ್ತು.

ಜೀತದ ಬಗ್ಗೆ ಮಾತಾಡುವಾಗ ‘ಒಳ್ಳೆಯ ಧಣಿ’ಯ ಕತೆ ಕೇಳದವರು ಯಾರಿದ್ದಾರೆ? ನಮ್ಮ ತಾತ ಆಳುಗಳನ್ನು ಮನೆಮಕ್ಕಳ ಹಾಗೆ ನೋಡಿಕೊಂಡಿದ್ದರು, ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು, ಒಂದು ದಿನ ಕೈ ಎತ್ತಿದವರಲ್ಲ ಎನ್ನುತ್ತಾರೆ. ನಿಜವೇ ಇರಬಹುದು. ಐರಿಷ್ ಚಿಂತಕ ಫಿಲಿಪ್ ಪೆಟಿಟ್ 1997ರಲ್ಲಿ ಬಂದ ‘ರಿಪಬ್ಲಿಕನಿಸಂ’ ಎಂಬ ಗ್ರಂಥದಲ್ಲಿ ಇಂಥ ಒಳ್ಳೆಯ ಧಣಿಯನ್ನೇ ಮುಂದಿಟ್ಟುಕೊಂಡು ವಾದಿಸುತ್ತಾರೆ. ಧಣಿ ಹೊಡೆಯದೆ ಇರಬಹುದು. ಆದರೆ ಮನಸ್ಸು ಬಂದಾಗ ಹೊಡೆಯಲು ಅವನನ್ನು ತಡೆಯುವವರು ಇಲ್ಲದ ಮೇಲೆ ಆಳು ಸ್ವತಂತ್ರನಲ್ಲ. ಅವನು ಸದಾ ಧಣಿಯ ಮುಖ ನೋಡಿ ಬದುಕಬೇಕು. ಹುಬ್ಬು ಗಂಟಾಯಿತೇ ಎಂದು ಲೆಕ್ಕ ಹಾಕಬೇಕು. ಐಸಾಯಾ ಬರ್ಲಿನ್ 1958ರ ತಮ್ಮ ಹೆಸರಾಂತ ಉಪನ್ಯಾಸದಲ್ಲಿ ಸ್ವಾತಂತ್ರ್ಯದ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿದ್ದರು: ನನ್ನ ದಾರಿಗೆ ಯಾರೂ ಅಡ್ಡ ಬಾರದಿರುವುದು ಒಂದು, ನನ್ನನ್ನು ನಾನೇ ಆಳಿಕೊಳ್ಳುವುದು ಇನ್ನೊಂದು. ಪೆಟಿಟ್ ಇವೆರಡರ ಪಕ್ಕಕ್ಕೆ ಮೂರನೆಯದನ್ನು ತಂದಿಟ್ಟರು, ಇನ್ನೊಬ್ಬರ ಮರ್ಜಿಯ ಅಡಿಯಲ್ಲಿ ಇರದಿರುವುದು. ವಿಶ್ವವಿದ್ಯಾಲಯಗಳಲ್ಲಿ ಈ ಚರ್ಚೆ ನಡೆಯುವುದಕ್ಕೆ ಎರಡು ದಶಕ ಮೊದಲೇ ಕನ್ನಡದ ಒಂದು ಹಾಡು ಚಾಟಿಯನ್ನೂ ಬೂಟನ್ನೂ ತೋರಿಸಿ ಇದೇ ಮಾತನ್ನು ಆಡಿತ್ತು. ಚಾಟಿ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದರೂ ಅದು ಚಾಟಿಯೇ.

ಈ ದೃಷ್ಟಿಯಿಂದ ನಮ್ಮ ಸಂವಿಧಾನವನ್ನು ಓದಿದರೆ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ಕೈ ಕಟ್ಟುವಂಥವು. ಕೆಲವು ಮಾತ್ರ ಹಾಗಲ್ಲ. ಅಸ್ಪೃಶ್ಯತೆಯನ್ನು ರದ್ದುಪಡಿಸಿ ಅದರ ಆಚರಣೆಯನ್ನು ಅಪರಾಧವೆನ್ನುವ 17ನೇ ವಿಧಿ, ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಯಾರನ್ನೂ ತಡೆಯಬಾರದೆನ್ನುವ 15(2), ಬಲವಂತದ ದುಡಿಮೆಯನ್ನು ನಿಷೇಧಿಸುವ 23, ಇವು ನೆರೆಹೊರೆಯವರ ಕೈಯನ್ನೂ ಕಟ್ಟುತ್ತವೆ. ಹೋಟೆಲಿನ ಮಾಲೀಕನಿಗೆ ಯಾರಿಗೆ ಒಳಗೆ ಕೊಡಬೇಕು, ಯಾರಿಗೆ ಹೊರಗೆ ಬೇರೆ ಲೋಟದಲ್ಲಿ ಕೊಡಬೇಕು ಎಂಬ ಆಯ್ಕೆ ಇತ್ತಲ್ಲ, ಅದೂ ಒಂದು ಸ್ವಾತಂತ್ರ್ಯವೇ. ಸಂವಿಧಾನ ಅದನ್ನು ಕಿತ್ತುಕೊಂಡಿತು. ಕಿತ್ತುಕೊಳ್ಳದೆ ಕೊಡುವ ದಾರಿ ಇರಲಿಲ್ಲ. 1927ರ ಮಾರ್ಚ್‌ನಲ್ಲಿ ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ತುಂಬಿಕೊಂಡು ಕುಡಿದ ಅಂಬೇಡ್ಕರ್ ಅವರಿಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. ಆ ಕೆರೆಯ ನೀರು ಮೊದಲೂ ಸಾರ್ವಜನಿಕವೇ ಆಗಿತ್ತು, ಪುರಸಭೆ ಹಾಗೆಂದು ನಿರ್ಣಯವನ್ನೂ ಮಾಡಿತ್ತು. ಅಡ್ಡ ನಿಂತದ್ದು ಊರಿನವರ ಸ್ವಾತಂತ್ರ್ಯ.

ಹಾಡಿನ ಪ್ರಶ್ನೆ ಒಂಟಿಯಾಗಿ ಹುಟ್ಟಿದ್ದೂ ಅಲ್ಲ. 1852ರ ಜುಲೈ 5ರಂದು ಅಮೆರಿಕದ ರಾಚೆಸ್ಟರ್ ನಗರದಲ್ಲಿ ಫ್ರೆಡರಿಕ್ ಡಗ್ಲಸ್ ಭಾಷಣಕ್ಕೆ ನಿಂತರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಅವರನ್ನು ಸ್ವಾತಂತ್ರ್ಯ ದಿನದ ಮಾತಿಗೆ ಕರೆದಿದ್ದರು. ನಿಮ್ಮ ಈ ಹಬ್ಬ ಒಬ್ಬ ಗುಲಾಮನ ಪಾಲಿಗೆ ಏನು ಎಂದು ಅವರು ಸಭಿಕರನ್ನೇ ಕೇಳಿದರು. ಆ ಭಾಷಣದ ಉದ್ದಕ್ಕೂ ಸ್ವಾತಂತ್ರ್ಯ ‘ನಿಮ್ಮದು’. ಒಂದು ಸಲವೂ ಸುಮ್ಮನೆ ‘ನಮ್ಮದು’ ಎಂದುಕೊಂಡು ಮುಂದೆ ಹೋಗುವುದಿಲ್ಲ. ಮನುಷ್ಯರೆಲ್ಲ ಸಮಾನರೆಂಬ ಘೋಷಣೆಯ ಕರಡು ಬರೆದ ಜೆಫರ್ಸನ್ ತನ್ನ ಬಾಳಿನಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದವನು. ಇದನ್ನು ಆತನ ಆತ್ಮವಂಚನೆ ಎಂದು ಕರೆದು ಮುಗಿಸಿಬಿಡುವುದು ವಾಡಿಕೆ. ಬೂಟಿನ ಹಾಡನ್ನು ಕೇಳಿದವರಿಗೆ ಅದು ಅಷ್ಟು ಸರಳವಾಗಿ ಕಾಣದು. ಬ್ರಿಟಿಷ್ ದೊರೆಯ ಅಂಕೆಯಿಂದ ಆತ ಬಯಸಿದ ಬಿಡುಗಡೆಯಲ್ಲಿ ತನ್ನ ತೋಟವನ್ನೂ ತೋಟದ ಜನರನ್ನೂ ತನ್ನಿಷ್ಟದಂತೆ ನಡೆಸುವ ಬಿಡುಗಡೆಯೂ ಸೇರಿತ್ತು. ಮುಂದೆ ಗುಲಾಮಗಿರಿಗೆ ಕುತ್ತು ಬರುತ್ತದೆ ಎನಿಸಿದಾಗ ದಕ್ಷಿಣದ ಒಡೆಯರು ತಮ್ಮ ಸ್ವಾತಂತ್ರ್ಯ ಹೋಗುತ್ತದೆಂದೇ ಯುದ್ಧಕ್ಕೆ ಇಳಿದರು. ಅವರು ಸುಳ್ಳಾಡುತ್ತಿರಲಿಲ್ಲ.

ನಮ್ಮಲ್ಲಿ ಅಂಬೇಡ್ಕರ್ 1931ರ ಆಗಸ್ಟ್ 14ರಂದು ಮುಂಬಯಿಯ ಮಣಿ ಭವನದಲ್ಲಿ ಗಾಂಧೀಜಿಯನ್ನು ಮೊದಲ ಸಲ ಭೇಟಿಯಾದಾಗ ತಮಗೆ ತಾಯ್ನಾಡೆಂಬುದು ಇಲ್ಲ ಎಂದಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಕೊನೆಯ ಭಾಷಣದಲ್ಲಿ, ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಮತ್ತು ದುಡ್ಡುಕಾಸಿನಲ್ಲಿ ಅಸಮಾನತೆ ಎಂಬ ಇಬ್ಬಂದಿಯೊಳಗೆ ನಾವು ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. 1972ರ ಆಗಸ್ಟ್ 15ಕ್ಕೆ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ಹೊತ್ತಿನಲ್ಲಿ, ದಲಿತ್ ಪ್ಯಾಂಥರ್ಸ್‌ನ ರಾಜಾ ಢಾಲೆ ಮರಾಠಿಯ ‘ಸಾಧನಾ’ ಪತ್ರಿಕೆಯಲ್ಲಿ ಬರೆದ ಲೇಖನ ದೊಡ್ಡ ಗದ್ದಲ ಎಬ್ಬಿಸಿತು. ದಲಿತ ಹೆಣ್ಣಿನ ಮಾನಕ್ಕೆ ಬೆಲೆ ಇಲ್ಲದಿರುವಾಗ ಬಾವುಟದ ಮಾನದ ಬಗ್ಗೆ ಇಷ್ಟು ಕಾಳಜಿ ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಜನ ಸಿಟ್ಟಾದದ್ದು ಬಾವುಟದ ಮಾತಿಗೆ. ಮರುವರ್ಷ ಕರ್ನಾಟಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದದ್ದಕ್ಕೆ ಹೊತ್ತಿಕೊಂಡ ಬೆಂಕಿ ಎಲ್ಲರಿಗೂ ಗೊತ್ತು; ಅವರು ಮಂತ್ರಿಪದವಿ ಬಿಡಬೇಕಾಯಿತು. ಅದೇ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದ್ದರು ಎಂಬುದು ಅಷ್ಟು ಜನರಿಗೆ ನೆನಪಿಲ್ಲ. ಸಿದ್ದಲಿಂಗಯ್ಯ ಆ ಗಲಭೆಯ ನಡುವೆ ಕಾಲೇಜು ಓದುತ್ತಿದ್ದ ಹುಡುಗ. ಅವರ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು.

1975 ಎಂದ ಕೂಡಲೇ ತುರ್ತು ಪರಿಸ್ಥಿತಿ ನೆನಪಾಗುತ್ತದೆ, ಮತ್ತು ಇಲ್ಲಿ ನನ್ನ ವಾದ ಕಠಿಣ ಪರೀಕ್ಷೆಗೆ ಸಿಕ್ಕಿಕೊಳ್ಳುತ್ತದೆ. ಜೂನ್ 25ರಿಂದ 21 ತಿಂಗಳು ದೇಶದಲ್ಲಿ ಸ್ವಾತಂತ್ರ್ಯ ಇರಲಿಲ್ಲ ಎಂದು ನಾವೆಲ್ಲ ಕಲಿತಿದ್ದೇವೆ. ವಿರೋಧ ಪಕ್ಷದವರು ಜೈಲಿಗೆ ಹೋದರು, ಪತ್ರಿಕೆಗಳ ಬಾಯಿ ಮುಚ್ಚಿಸಲಾಯಿತು. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಕಾಯಿಲೆಯಿಂದ ನರಳಿದ ಸ್ನೇಹಲತಾ ರೆಡ್ಡಿ ಪೆರೋಲ್ ಮೇಲೆ ಹೊರಬಂದು 1977ರ ಜನವರಿಯಲ್ಲಿ ತೀರಿಕೊಂಡರು. ಅದೇ ಅವಧಿಯಲ್ಲಿ, 1975ರ ಅಕ್ಟೋಬರ್ 25ರಿಂದ ಜಾರಿಗೆ ಬರುವಂತೆ, ಜೀತ ಪದ್ಧತಿಯನ್ನು ಕಾನೂನಿನ ಮೂಲಕ ರದ್ದು ಮಾಡಲಾಯಿತು. ಜೀತದಾಳುಗಳ ಸಾಲ ತೀರಿತೆಂದು ಆ ಕಾನೂನು ಸಾರಿತು. ದೇಶದ ಸ್ವಾತಂತ್ರ್ಯವನ್ನು ಒಂದೇ ಗಡಿಗೆಯ ನೀರಿನಂತೆ ತಿಳಿದು ಅದು ಆ ವರ್ಷ ಏರಿತೇ ಇಳಿಯಿತೇ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಕೆಲವರು ಇದನ್ನೇ ಹಿಡಿದು ತುರ್ತು ಪರಿಸ್ಥಿತಿ ಬಡವರಿಗೆ ಒಳ್ಳೆಯದೇ ಮಾಡಿತು ಎಂದು ವಾದಿಸುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ, ಹಾಡೂ ಒಪ್ಪುವುದಿಲ್ಲ. ಧಣಿಯ ಚಾಟಿಯನ್ನು ಕಾನೂನು ಕಸಿದ ತಿಂಗಳುಗಳಲ್ಲೇ ಪೊಲೀಸರ ಬೂಟು ಎಂದೂ ಇಲ್ಲದಷ್ಟು ಸ್ವತಂತ್ರವಾಗಿತ್ತು. ಜೀತ ಬಿಟ್ಟು ಬಂದವನು ಕೂಲಿ ಕೇಳಲು ಸಂಘ ಕಟ್ಟಿದರೆ ಎದುರಾಗುತ್ತಿದ್ದದ್ದು ಅದೇ ಬೂಟು. ಒಂದು ಬಗೆಯ ಒಡೆತನವನ್ನು ಇಳಿಸಿ ಇನ್ನೊಂದನ್ನು ಏರಿಸುವುದು ಬಿಡುಗಡೆ ಆಗುವುದಿಲ್ಲ ಎಂಬುದನ್ನು ಪಟ್ಟಿಯಲ್ಲಿ ಚಾಟಿಯೂ ಬೂಟೂ ಅಕ್ಕಪಕ್ಕ ಇರುವುದೇ ಹೇಳುತ್ತದೆ.

ಸಾಹಿತ್ಯದವರು ಎತ್ತುವ ಆಕ್ಷೇಪ ಬೇರೆ. ಇದು ಕವಿತೆಯೇ, ಘೋಷಣೆಯೇ? ನವ್ಯದ ಕಾಲದಲ್ಲಿ ಓದು ಕಲಿತವರಿಗೆ ಕವಿತೆ ಎಂದರೆ ಸಂಕೀರ್ಣತೆ, ಪ್ರತಿಮೆ, ಹಲವು ಅರ್ಥಗಳ ಸಾಧ್ಯತೆ. ಆ ಓದಿನ ಶಿಸ್ತು ನಮಗೆ ಬಹಳ ಕೊಟ್ಟಿದೆ, ಈ ಲೇಖನದಲ್ಲಿ ನಾನು ಪಟ್ಟಿಯ ವಸ್ತುಗಳನ್ನು ಬೇರ್ಪಡಿಸಿ ನೋಡಿದ್ದೂ ಅದೇ ಶಿಸ್ತಿನಿಂದ. ಆದರೆ ಆ ಓದು ಅನೇಕಾರ್ಥತೆಯನ್ನೇ ಕವಿತೆಯ ಗುಣವೆಂದು ತಿಳಿದಾಗ ಎಡವುತ್ತದೆ. 1947ರ ಆಗಸ್ಟ್‌ನಲ್ಲಿ ಬಂದ ಸ್ವಾತಂತ್ರ್ಯದ ಬೆಳಗಿನ ಬಗ್ಗೆ ಫೈಜ್ ಅಹ್ಮದ್ ಫೈಜ್ ಬರೆದ ಕವಿತೆಯನ್ನು ನೆನೆಯಿರಿ. ಕಲೆಯಾದ ಬೆಳಗು, ತಾವು ಹಂಬಲಿಸಿ ಹೊರಟದ್ದು ಇದಕ್ಕಲ್ಲ ಎಂಬ ದುಃಖ. ದೇಶವಿಭಜನೆಯ ರಕ್ತದ ನಡುವೆ ಹುಟ್ಟಿದ ಆ ಕವಿತೆ ಉಪಖಂಡದ ಶ್ರೇಷ್ಠ ಕವಿತೆಗಳಲ್ಲಿ ಒಂದೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಫೈಜ್‌ರ ಸಂಗಾತಿ ಕವಿ ಅಲಿ ಸರ್ದಾರ್ ಜಾಫ್ರಿ ಆಗ ಒಂದು ತಕರಾರು ತೆಗೆದಿದ್ದರು. ಈ ನಿರಾಶೆಯ ಮಾತನ್ನು ಮುಸ್ಲಿಂ ಲೀಗಿನವನೂ ಹೇಳಬಹುದು, ಹಿಂದೂ ಮಹಾಸಭೆಯವನೂ ಹೇಳಬಹುದು. ಯಾರ ಬೆಳಗು, ಯಾರ ಕತ್ತಲು ಎಂಬುದು ಕವಿತೆಯಲ್ಲಿ ಎಲ್ಲಿದೆ ಎಂಬುದು ಅದರ ಸಾರ. ಕವಿತೆಯ ಬೆಲೆ ಕಟ್ಟುವಲ್ಲಿ ಜಾಫ್ರಿ ತಪ್ಪಿದರು ಎಂದೇ ನನ್ನ ಅನಿಸಿಕೆ. ಅವರು ಮುಟ್ಟಿದ ನರ ಮಾತ್ರ ಸರಿಯಾದದ್ದು.

ಫೈಜ್‌ರ ಕವಿತೆಯಲ್ಲಿ ಮಾತಾಡುವವರು ದಾರಿ ಹಿಡಿದು ಹೊರಟವರು. ಗುರಿ ತಮ್ಮದೆಂಬ ನಂಬಿಕೆ ಅವರಿಗಿತ್ತು. ನಂಬಿಕೆ ಇದ್ದವರಿಗೆ ನಿರಾಶೆಯ ಹಕ್ಕೂ ಇರುತ್ತದೆ. ಸಿದ್ದಲಿಂಗಯ್ಯನವರ ಹಾಡಿನಲ್ಲಿ ನಿರಾಶೆ ಇಲ್ಲ. ಕರೆಯದ ಮದುವೆಯ ಊಟದ ಬಗ್ಗೆ ಯಾರೂ ನಿರಾಶರಾಗುವುದಿಲ್ಲ, ಖರ್ಚು ಯಾರದ್ದು ಎಂದು ಕೇಳಬಹುದು ಅಷ್ಟೆ. ಹಾಡು ಮಾಡುವುದು ಅದನ್ನೇ, ಲೆಕ್ಕ ಕೇಳುವುದನ್ನು. ಲೆಕ್ಕ ಕೇಳುವವರಿಗೆ ಅನೇಕಾರ್ಥತೆ ಬೇಕಾಗಿಲ್ಲ, ಬೇಕಾದದ್ದು ಹೆಸರು ಮತ್ತು ಜಾಗ. ಹೆಸರಿಟ್ಟು ಕರೆದ ಕಾರಣಕ್ಕೇ ಅದನ್ನು ಎಲ್ಲರೂ ತಮ್ಮದೆಂದು ಹಾಡಲು ಸಾಧ್ಯವಿಲ್ಲ. ಹಾಡುವ ಮೊದಲು ತಾನು ಪಟ್ಟಿಯ ಯಾವ ಕಡೆ ಇದ್ದೇನೆ ಎಂದು ಕೇಳಿಕೊಳ್ಳಬೇಕಾಗುತ್ತದೆ. ಓದುವವರನ್ನು ಚಿತ್ರದ ಹೊರಗೆ ನಿಲ್ಲಲು ಬಿಡದ ಈ ಗುಣವನ್ನು ಕಾವ್ಯಗುಣವೆಂದು ಕರೆಯಲು ನಮ್ಮ ವಿಮರ್ಶೆ ಏಕೆ ಹಿಂಜರಿಯಬೇಕು?

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಹಾಡು ಹೇಳುವುದು ಸುಳ್ಳಲ್ಲವೇ? 1951-52ರ ಮೊದಲ ಮಹಾಚುನಾವಣೆಯಲ್ಲಿ ಕೇರಿಯವರಿಗೂ ಊರಿನವರಷ್ಟೇ ಬೆಲೆಯ ಒಂದು ಮತ ಸಿಕ್ಕಿತು. ಶಾಲೆ, ಹಾಸ್ಟೆಲು, ವಿದ್ಯಾರ್ಥಿವೇತನ, ಮೀಸಲಾತಿ ಬಂದವು. 1974ರ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಟ್ಟಿತು. ಕವಿಯ ಬದುಕೇ ಸಾಕ್ಷಿ: ನೊಗ ಹೊತ್ತವರ ಮಗ ಹಾಸ್ಟೆಲಿನಲ್ಲಿದ್ದು ಓದಿ ಪ್ರಾಧ್ಯಾಪಕರಾದರು, ವಿಧಾನ ಪರಿಷತ್ತಿನ ಸದಸ್ಯರಾದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂತರು. ಇಷ್ಟಾದ ಮೇಲೂ ಬಡವರ ಮನೆಗೆ ಏನೂ ಬರಲಿಲ್ಲ ಎನ್ನುವುದು ಸರಿಯೇ?

ಮೊದಲ ಆರೋಪದ ಮಟ್ಟಿಗೆ ಈ ಆಕ್ಷೇಪವನ್ನು ಒಪ್ಪಬೇಕು. ಅದೊಂದು ಕವಿತೆ, ಅತಿಶಯೋಕ್ತಿಗೆ ಅವಕಾಶವಿದೆ ಎಂದು ಜಾರಿಕೊಳ್ಳಲು ನನಗೆ ಇಷ್ಟವಿಲ್ಲ. ಹಾಗೆ ಮಾಡುವುದು ಕವಿತೆಯ ಮಾತನ್ನು ಮಾತೆಂದೇ ಎಣಿಸದಿರುವುದು. ಹಂಚಿಕೆಯ ಲೆಕ್ಕದಲ್ಲಿ ಬಡವರ ಮನೆಗೆ ಒಂದಿಷ್ಟು ಬಂತು. ಆ ಒಂದಿಷ್ಟರಲ್ಲೇ ಈ ಹಾಡು ಹುಟ್ಟಿತು, ಹಾಸ್ಟೆಲು ಇಲ್ಲದಿದ್ದರೆ ಹಾಡೂ ಇಲ್ಲ. ಎರಡನೆಯ ಆರೋಪಕ್ಕೆ ಮಾತ್ರ ಈ ಪಟ್ಟಿ ಉತ್ತರವಾಗುವುದಿಲ್ಲ. ಗೇಣಿ ರದ್ದಾಗಿ ಗೇಣಿದಾರ ಒಡೆಯನಾದ, ಸಂತೋಷ. ಗೇಣಿಗೂ ನೆಲ ಸಿಗದೆ ಕೂಲಿ ಮಾಡುತ್ತಿದ್ದ ಕೇರಿಯವನಿಗೆ ಹೊಸ ಒಡೆಯ ಸಿಕ್ಕ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಅವರಿಗೆ ಮತವಿತ್ತು, ಮನೆಯೂ ಇತ್ತು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆಯಾದರು. ಅಲ್ಲಿ ಕೊರತೆಯಾದದ್ದು ಏನು ಎಂದು ಹುಡುಕುವುದಕ್ಕಿಂತ ಅಲ್ಲಿ ಮಿತಿಮೀರಿ ಇದ್ದದ್ದು ಏನು ಎಂದು ಕೇಳಿದರೆ ಸತ್ಯ ಬೇಗ ಸಿಗುತ್ತದೆ.

ಸವಣೂರಿನದು ಇದಕ್ಕಿಂತ ಸದ್ದಿಲ್ಲದ ಹಿಂಸೆ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಆ ಊರಿನಲ್ಲಿ ಭಂಗಿ ಸಮುದಾಯದ ಕೆಲವರು ಪುರಸಭೆಯ ಎದುರು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ತಲೆತಲಾಂತರದಿಂದ ಊರಿನ ಮಲ ಹೊತ್ತಿದ್ದ ಅವರನ್ನು ಇದ್ದ ಜಾಗದಿಂದ ಎಬ್ಬಿಸುವ ಪ್ರಯತ್ನ ನಡೆದಿತ್ತು. ಫೋಟೊ ನೋಡಿ ನಾಡು ನಾಚಿಕೊಂಡಿತು. ಮಲ ಹೊರುವುದನ್ನು ನಿಷೇಧಿಸಿ ಆಗಲೇ ಮೂವತ್ತು ವರ್ಷಗಳ ಮೇಲಾಗಿತ್ತು. ಅವರ ನೋವಿಗೆ ಮರುಗಿದ ನಾವು ಕೇಳಿಕೊಳ್ಳದೆ ಹೋದ ಪ್ರಶ್ನೆ ಇದು: ನಮ್ಮ ಊರುಗಳ ಶುಚಿತ್ವ, ನಮ್ಮ ನಿಶ್ಚಿಂತ ಮುಂಜಾವು, ಮ್ಯಾನ್‌ಹೋಲಿನೊಳಗೆ ಏನು ನಡೆಯುತ್ತದೆ ಎಂದು ಯೋಚಿಸದೆ ಇರಬಲ್ಲ ನಮ್ಮ ಸ್ವಾತಂತ್ರ್ಯ, ಇದು ಯಾರ ಮೈಮೇಲೆ ನಿಂತಿದೆ? ಪಟ್ಟಿಯಲ್ಲಿ ಬೂಟು ಪೊಲೀಸರದ್ದು ಎಂದಿರುವುದರಿಂದ ಮಧ್ಯಮವರ್ಗದ ಓದುಗರು ಸಲೀಸಾಗಿ ನುಸುಳಿಕೊಳ್ಳುತ್ತೇವೆ. ನಮಗೆ ಕಾರ್ಖಾನೆ ಇಲ್ಲ, ಬಂದೂಕಿಲ್ಲ, ಚಾಟಿ ಇಲ್ಲ. ಸವಣೂರು ನಮ್ಮ ಚಪ್ಪಲಿಯನ್ನೂ ಪಟ್ಟಿಗೆ ಸೇರಿಸುತ್ತದೆ.

ಹಾಗೆ ಸೇರಿಸುತ್ತ ಹೋಗಲು ಹಾಡಿನ ಕಟ್ಟಡವೇ ಅವಕಾಶ ಕೊಡುತ್ತದೆ. ಪಟ್ಟಿ ಮುಚ್ಚಿಕೊಂಡಿಲ್ಲ, ಲಯ ಗೊತ್ತಿದ್ದ ಯಾರು ಬೇಕಾದರೂ ಇನ್ನೊಂದು ಜಾಗದ ಹೆಸರು ಹೇಳಬಹುದು. ಕವಿ ಹೇಳದೆ ಬಿಟ್ಟ ದೊಡ್ಡ ಜಾಗವೂ ಒಂದಿದೆ. ಹಾಡಿನಲ್ಲಿ ಬಡವರ ಮನೆ ಇಡಿಯಾಗಿ ಒಂದೇ ಕಡೆ ನಿಂತಿದೆ, ಸ್ವಾತಂತ್ರ್ಯ ತಲುಪದ ಕಡೆ. ಆ ಮನೆಯ ಬಾಗಿಲು ತೆರೆದು ಒಳಗೆ ನೋಡುವುದಿಲ್ಲ. ಒಳಗೆ ನೋಡಿದವರು ಮಹಾರಾಷ್ಟ್ರದ ಬೇಬಿ ಕಾಂಬಳೆ. ‘ಜಿಣಂ ಆಮುಚಂ’ ಎಂಬ ಅವರ ಆತ್ಮಕಥೆ 1986ರಲ್ಲಿ ಪುಸ್ತಕವಾಗಿ ಬಂತು. ಊರು ಮಹಾರರನ್ನು ನಡೆಸಿಕೊಂಡ ರೀತಿಯನ್ನು ಬರೆದ ಕೈಯಲ್ಲೇ ಮಹಾರರ ಮನೆಗಳಲ್ಲಿ ಸೊಸೆಯಂದಿರನ್ನು ನಡೆಸಿಕೊಂಡ ರೀತಿಯನ್ನೂ ಅವರು ಬರೆದರು. ಗಂಡನ ಕಿರಾಣಿ ಅಂಗಡಿಯಲ್ಲಿ ಕೂತು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬರೆದ ಆ ಹಾಳೆಗಳನ್ನು ಸುಮಾರು ಇಪ್ಪತ್ತು ವರ್ಷ ಗಂಡನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟಿದ್ದರು. ಅಂಬೇಡ್ಕರ್ ಚಳವಳಿಯ ಬೆಳಕು ಆ ಮನೆಯನ್ನು ಆಗಲೇ ಮುಟ್ಟಿತ್ತು. ಆದರೆ ಹೆಂಡತಿ ಏನು ಬರೆಯಬಹುದು, ಏನು ಬರೆಯಬಾರದು ಎಂದು ತೀರ್ಮಾನಿಸುವ ಸ್ವಾತಂತ್ರ್ಯ ಅದೇ ಮನೆಯ ಗಂಡಸಿನ ಕೈಯಲ್ಲಿ ಉಳಿದಿತ್ತು, ಮತ್ತು ಅದನ್ನು ಆತ ಚಲಾಯಿಸಬೇಕಾದ ಅಗತ್ಯವೂ ಬೀಳಲಿಲ್ಲ: ಹಾಳೆಗಳು ತಾವಾಗಿಯೇ ಅಡಗಿ ಕೂತಿದ್ದವು.